ಮಗಳ ಸ್ಲಾಲಮ್ ಸ್ಕೀಗೆ ಫಿನ್ ಕೂರಿಸಿದ್ದು

ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನು ನಾನು. ಕಾರ್ಖಾನೆ 2016ರಲ್ಲಿ ಮುಚ್ಚಿತು, ಆ ಜಾಗ ಇಸ್ರೋಗೆ ಹೋಯಿತು. ನನ್ನ ಸ್ವಂತದ ವರ್ನಿಯರ್, ಅಲೆನ್ ಕೀ ಸೆಟ್ಟು, ಪ್ರೊಟ್ರ್ಯಾಕ್ಟರ್ ಮಾತ್ರ ಎಸ್.ಎಸ್. ಪುರಂನ ಮನೆಯಲ್ಲಿ ಇವತ್ತಿಗೂ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದೇನೆ. ಹೋದ ಡಿಸೆಂಬರಿನಲ್ಲಿ ಅವನ್ನು ಬಿಚ್ಚುವ ಕೆಲಸ ಬಂತು. ಫ್ಲೋರಿಡಾದಲ್ಲಿ ಓದುತ್ತಿರುವ ಮಗಳು ರಜೆಗೆ ಬರುವಾಗ ಉದ್ದನೆಯ ಚೀಲದಲ್ಲಿ ಸ್ಲಾಲಮ್ ಸ್ಕೀ ಒಂದನ್ನು ಹೊತ್ತು ತಂದಳು, ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಹಲಗೆ. "ಅಪ್ಪಾ, ಇದರ ಬೈಂಡಿಂಗು, ಫಿನ್ನು ಎರಡೂ ನೀನೇ ಕೂರಿಸಿಕೊಡಬೇಕು. ಅಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಬೈಂಡಿಂಗು ಅಂದರೆ ಕಾಲನ್ನು ಸ್ಕೀಗೆ ಹಿಡಿದಿಡುವ ಬೂಟು ಅಥವಾ ಪಟ್ಟಿ, ಫಿನ್ನು ಅಂದರೆ ಬಾಲದ ಕೆಳಗಿನ ಫಲಕ.

ಎರಡು ಕಾಲೂ ಒಂದೇ ಸ್ಕೀ ಮೇಲೆ, ಒಂದರ ಹಿಂದೆ ಒಂದು. ದೋಣಿ ನೆಟ್ಟಗೆ ಹೋಗುತ್ತದೆ. ಆಕಡೆ ಮೂರು, ಈಕಡೆ ಮೂರು ತೇಲುವ ಚೆಂಡು, ಒಂದೊಂದೂ ನಡುಗೆರೆಯಿಂದ 11.5 ಮೀಟರ್ ದೂರ. ಹಗ್ಗ ಹಿಡಿದವರು ಆಚೆಯಿಂದ ಈಚೆಗೆ ದಾಟುತ್ತಾ ಆರನ್ನೂ ಹೊರಗಿನಿಂದ ಸುತ್ತಬೇಕು. ಹೆಂಗಸರಿಗೆ ದೋಣಿಯ ಗರಿಷ್ಠ ವೇಗ ಗಂಟೆಗೆ 55 ಕಿಲೋಮೀಟರ್, ಗಂಡಸರಿಗೆ 58. ಹಾದಿಯ ಉದ್ದ 259 ಮೀಟರ್, 55ರ ವೇಗದಲ್ಲಿ ಸುಮಾರು 17 ಸೆಕೆಂಡಿಗೆ ಮುಗಿದೇ ಹೋಗುತ್ತದೆ. ಆರೂ ದಾಟಿದರೆ ವೇಗ ಏರಿಸುತ್ತಾರೆ, ವೇಗದ ಮಿತಿ ಮುಟ್ಟಿದ ಮೇಲೆ ಹಗ್ಗ ಕಡಿಮೆ ಮಾಡುತ್ತಾ ಬರುತ್ತಾರೆ: 18.25 ಮೀಟರಿನಿಂದ 16, ಆಮೇಲೆ 14.25, ಹೀಗೆ. 11.25ಕ್ಕೆ ಬಂದಾಗ ಹಗ್ಗವೇ ಚೆಂಡಿಗೆ ಮುಟ್ಟುವುದಿಲ್ಲ. ಮೈ ಚಾಚಿ, ಕೈ ಚಾಚಿ ಸ್ಕೀಯನ್ನು ಆಚೆ ತಲುಪಿಸಬೇಕು. ಇದನ್ನು ಕೇಳಿದ ಮೇಲೆ ಆ ಹಲಗೆಯ ಬಗ್ಗೆ ನನಗೆ ಬೇರೆಯೇ ಗೌರವ ಬಂತು.

ಸ್ಕೀ ಕೊಳ್ಳುವ ಮಾತು ನವೆಂಬರಿನಲ್ಲೇ ಫೋನಿನಲ್ಲಿ ಆಗಿತ್ತು. ಅಳತೆ ನಿಲ್ಲುವುದು ಎತ್ತರದ ಮೇಲಲ್ಲ, ತೂಕ ಮತ್ತು ದೋಣಿಯ ವೇಗದ ಮೇಲೆ. ನಿಧಾನ ಹೋಗುವವರನ್ನು ನೀರು ಕಡಿಮೆ ಎತ್ತುತ್ತದೆ, ಅವರಿಗೆ ಉದ್ದನೆಯ ಅಥವಾ ಅಗಲದ ಸ್ಕೀ ಬೇಕು. ಇವಳು 58 ಕೆ.ಜಿ., ಹೋಗುವುದು 52ರಿಂದ 55ರ ವೇಗದಲ್ಲಿ, ಹಾಗಾಗಿ 65 ಇಂಚು. ಸ್ನೇಹಿತೆಯೊಬ್ಬಳು 67 ಇಂಚಿನದನ್ನು ಅರ್ಧ ಬೆಲೆಗೆ ಕೊಡುತ್ತೇನೆಂದಿದ್ದಳಂತೆ. ಬೇಡ ಎಂದೆ. ದೊಡ್ಡ ಸ್ಕೀ ನೀರಿನಿಂದ ಸಲೀಸಾಗಿ ಎದ್ದು ಬರುತ್ತದೆ, ನಿಜ. ಆದರೆ ಹಗುರ ಮೈಯವರಿಗೆ ಅದನ್ನು ಓರೆ ಮಾಡಿ ತಿರುಗಿಸುವುದೇ ಹೆಣಗಾಟ.

ಕೊನೆಗೆ ಕೊಂಡದ್ದೂ ಸೆಕೆಂಡ್ ಹ್ಯಾಂಡೇ, ಕಾರ್ಬನ್‌ದು. ದಿವಾನದ ಮೇಲೆ ಕಂಬಳಿ ಹಾಸಿ, ಸ್ಕೀಯನ್ನು ಬೋರಲು ಮಲಗಿಸಿ, ಐದು ರೂಪಾಯಿ ನಾಣ್ಯದ ಅಂಚಿನಿಂದ ಉದ್ದಕ್ಕೂ ತಟ್ಟಿದೆ. ಒಳಗಿನ ಫೋಮಿನಿಂದ ಮೇಲಿನ ಪದರ ಬಿಟ್ಟಿದ್ದರೆ ಅಲ್ಲಿ ಟಕ್ ಅನ್ನುವ ಸದ್ದು ಟೊಳ್ಳಾಗುತ್ತದೆ. ಬಾಲದಿಂದ ಮೂತಿಯವರೆಗೂ ಒಂದೇ ಸದ್ದು. ಬೈಂಡಿಂಗ್ ಕೂರುವ ಕಡೆ, ಸ್ಕ್ರೂ ಹಿಡಿಯುವ ಲೋಹದ ಗುಂಡಿಗಳ ಸುತ್ತ ಕೂದಲೆಳೆ ಬಿರುಕೂ ಇರಲಿಲ್ಲ. ಸ್ಕ್ರೂಗಳು ಮಾತ್ರ ತುಕ್ಕು ಹಿಡಿದಿದ್ದವು. ಒಂದನ್ನು ಸ್ಯಾಂಪಲ್ಲಿಗೆ ಹಿಡಿದುಕೊಂಡು ಮಂಡಿಪೇಟೆಗೆ ಹೋಗಿ ಸ್ಟೇನ್‌ಲೆಸ್ ಸ್ಟೀಲಿನವನ್ನು ತಂದೆ. ಅಂಗಡಿಯವರು "ಸ್ವಲ್ಪ ಉದ್ದ ಇದ್ರೆ ಏನಾಗುತ್ತೆ ಸಾರ್" ಅಂದರು. ಆಗುತ್ತದೆ. ಉದ್ದದ ಸ್ಕ್ರೂ ಗುಂಡಿಯ ತಳಕ್ಕೆ ತಾಗಿ ಒತ್ತಿದರೆ ಸ್ಕೀಯ ಅಡಿ ಉಬ್ಬುತ್ತದೆ, ಹಾಗೆ ಉಬ್ಬಿದ ಸ್ಕೀಯನ್ನು ಮತ್ತೆ ಸರಿ ಮಾಡಲಾಗದು. ಸರಿಯಾದ ಅಳತೆಯವು ಸಿಗುವವರೆಗೆ ಡಬ್ಬಿ ಕೆದಕಿದೆವು.

ಬೈಂಡಿಂಗಿನ ವಿಷಯಕ್ಕೆ ನಮ್ಮಿಬ್ಬರಿಗೂ ದೊಡ್ಡ ಚರ್ಚೆಯೇ ಆಯಿತು. ಎಡಗಾಲು ಮುಂದೆ, ಅದಕ್ಕೆ ಪೂರ್ತಿ ಬೂಟು, ಇಲ್ಲಿ ತಕರಾರಿಲ್ಲ. ಹಿಂದಿನ ಕಾಲಿಗೆ ಏನು? ಅವಳಿಗೆ ಬೇಕಾದದ್ದು ಬೆರಳಿನ ಕಡೆ ಮಾತ್ರ ಪಟ್ಟಿ ಇರುವ ಟೋ ಪ್ಲೇಟು. ಅದರಲ್ಲಿ ಹಿಮ್ಮಡಿ ಬಿಡುಬೀಸಾಗಿ ಎದ್ದೇಳುತ್ತದೆ, ನೀರಿನಿಂದ ಏಳುವಾಗ ಹಿಂದಿನ ಕಾಲನ್ನು ಹೊರಗೆ ಬಿಟ್ಟುಕೊಂಡು ಆಮೇಲೆ ತೂರಿಸಬಹುದು. ನಾನು ಎರಡೂ ಕಾಲಿಗೆ ಬೂಟೇ ಇರಲಿ ಎಂದೆ. ಬಿದ್ದಾಗ ಒಂದು ಕಾಲು ಹೊರಬಂದು ಇನ್ನೊಂದು ಸಿಕ್ಕಿಕೊಂಡರೆ ಸ್ಕೀಯ ಅಷ್ಟುದ್ದದ ತಿರುಚು ಒಂದೇ ಕಣಕಾಲಿನ ಮೇಲೆ ಬೀಳುತ್ತದೆ. ಅವಳು ಬಿಡಲಿಲ್ಲ. "ಎರಡೂ ಬೂಟಾದ್ರೆ ಎರಡೂ ಒಟ್ಟಿಗೇ ಬಿಡಬೇಕಲ್ಲಪ್ಪಾ. ಒಂದು ಬಿಟ್ಟು ಒಂದು ಬಿಡದಿದ್ರೆ ಅದೇ ಕಥೆ ತಾನೇ?" ಮಾತು ಸರಿಯಾಗಿತ್ತು. ಟೋ ಪ್ಲೇಟಿಗೇ ಒಪ್ಪಿದೆ, ಮುಂದಿನ ಬೂಟಿನ ಬಿಗಿ ನಾನು ನೋಡುತ್ತೇನೆ ಅನ್ನುವ ಷರತ್ತಿನ ಮೇಲೆ. ಈ ಕ್ರೀಡೆಯಲ್ಲಿ ಫಿನ್ನಿನ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರಂತೆ. ನನ್ನ ಪ್ರಕಾರ ಮೊದಲ ಗಮನ ಸಲ್ಲಬೇಕಾದ್ದು ಬೂಟಿಗೆ.

ರಬ್ಬರ್ ಬೂಟು ಒಣಗಾಲಿಗೆ ಹತ್ತುವುದಿಲ್ಲ. ಬಚ್ಚಲಿಂದ ಮಗ್ಗಿನಲ್ಲಿ ಶಾಂಪೂ ನೀರು ತಂದು ಒಳಗೆ ಸವರಿದಳು, ಕಾಲು ಜರ್ರನೆ ಇಳಿಯಿತು. ನಾನು ಸ್ಕೀಯನ್ನು ನೆಲಕ್ಕೆ ಒತ್ತಿ ಹಿಡಿದೆ, ಅವಳು ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿ ಹಿಮ್ಮಡಿ ಎತ್ತಲು ನೋಡಿದಳು. ಹಿಮ್ಮಡಿ ಏಳಬಾರದು, ಬೆರಳು ಮಡಚಬಾರದು, ಗಟ್ಟಿಯಾಗಿ ತಿರುಚಿ ಎಳೆದರೆ ಕಾಲು ಹೊರಗೆ ಬರಬೇಕು. ಈ ಮೂರೂ ಆಗುವವರೆಗೆ ಲೇಸು ಸಡಿಲಿಸುತ್ತಾ ಬಿಗಿಯುತ್ತಾ ಹೋದೆವು. ಕೊನೆಗೆ ಲೇಸು ನಿಂತ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿದೆ.

ಬೂಟಿನ ಜಾಗ ಅಳೆಯುವುದು ಸ್ಕೀಯ ಬಾಲದಿಂದ ಮುಂದಿನ ಬೂಟಿನ ಹಿಮ್ಮಡಿಗೆ. ನಮ್ಮದು 29 ಇಂಚಿನ ಆಸುಪಾಸು, ತಯಾರಕರು ಹೇಳಿದ ಜಾಗವೇ. ಬೂಟು ಮುಂದೆ ಹೋದರೆ ಮೂತಿ ನೀರಿಗೆ ಹೆಚ್ಚು ಇಳಿಯುತ್ತದೆ, ತಿರುವು ಚುರುಕು, ವೇಗ ಕಡಿಮೆ. ಹಿಂದೆ ಬಂದರೆ ಮೂತಿ ಎದ್ದು ಓಟ ಜಾಸ್ತಿ, ತಿರುವು ಅಗಲ. ಟೋ ಪ್ಲೇಟನ್ನು ಬೂಟಿಗೆ ಆದಷ್ಟು ಹತ್ತಿರ ತಂದು ಕೂರಿಸಿದೆ.

ಫಿನ್ನಿಗೆ ಬಂದಾಗ ಸಂಜೆ ಕಾಫಿ ಮುಗಿದಿತ್ತು. ಬಾಲದ ಕೆಳಗೆ ನೀರಿಗೆ ಇಳಿಬಿದ್ದ ಅಲ್ಯೂಮಿನಿಯಂ ಫಲಕ ಅದು. ಮೂರು ಅಳತೆ: ಆಳ ಸುಮಾರು ಎರಡೂವರೆ ಇಂಚು, ಉದ್ದ ಏಳಿಂಚಿಗೆ ತುಸು ಕಡಿಮೆ, ಬಾಲದ ತುದಿಯಿಂದ ಇರುವ ದೂರ ಮುಕ್ಕಾಲು ಇಂಚಿನಷ್ಟು. ಆಳ ಹೆಚ್ಚಾದರೆ ಬಾಲ ನೀರನ್ನು ಗಟ್ಟಿಯಾಗಿ ಹಿಡಿಯುತ್ತದೆ, ಕಡಿಮೆಯಾದರೆ ತಿರುವಿನಲ್ಲಿ ಜಾರುತ್ತದೆ. ಇದನ್ನು ಅಳೆಯಲೆಂದೇ ಸೀಳು ಕೊರೆದ ಕ್ಯಾಲಿಪರ್ ಸಿಗುತ್ತದೆ, ಮಗಳು ಕೋಚ್ ಹತ್ತಿರ ಕೇಳಿ ತಂದಿದ್ದಳು. ಮೊದಲು ಅದರ ಸೊನ್ನೆ ಪರೀಕ್ಷಿಸಿದೆ. ಇಂಚಿನ ಸಾವಿರದಲ್ಲಿ ಐದು ಭಾಗ ಬದಲಾದರೂ ಆಟಗಾರರಿಗೆ ಕಾಲಲ್ಲೇ ಗೊತ್ತಾಗುತ್ತದೆ ಎಂದಳು. ಅಂದರೆ 127 ಮೈಕ್ರಾನ್. ಮೈಕ್ರಾನಿನಲ್ಲೇ ಬದುಕಿದ ನನಗೂ ಅದು ಅಚ್ಚರಿಯೇ.

ಉದ್ದವನ್ನು ಕ್ಯಾಲಿಪರಿನ ದವಡೆಯಿಂದ ಅಳೆದರೆ ಒಂದು ಅಂಕಿ, ತುದಿಯಿಂದ ಅಳೆದರೆ ಇನ್ನೊಂದು. ಅಲ್ಲಿ ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಇದೂ ಒಂದು ಕಾರಣ ಇರಬೇಕು. ಯಾವುದಾದರೂ ಸರಿ, ಪ್ರತಿ ಸಲ ಹಾಗೇ ಅಳೆಯಬೇಕು. ಸ್ಕ್ರೂ ಬಿಗಿಯುವಾಗಲೂ ಫಿನ್ನು ಸರಿಯುತ್ತದೆ: ಸರಿಯಾಗಿ ಕೂತಿದ್ದ ಆಳ ಕೊನೆಯ ಕಾಲು ಸುತ್ತಿನಲ್ಲಿ ಮೂರು ಸಾವಿರಾಂಶ ಹೆಚ್ಚಾಯಿತು. ಸಡಿಲಿಸಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಒಂದಾದಮೇಲೊಂದು ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಬಿಗಿದು ಮತ್ತೆ ಅಳೆದೆ. ಫಿನ್ನಿನ ಪಕ್ಕದ ಚಿಕ್ಕ ರೆಕ್ಕೆಯನ್ನು 9 ಡಿಗ್ರಿಗೆ ನಿಲ್ಲಿಸಿದೆ. ಅದು ತಿರುವಿಗೆ ಮುಂಚೆ ಸ್ಕೀಯ ವೇಗ ತಗ್ಗಿಸುತ್ತದೆ. ಎಲ್ಲ ಅಂಕಿಗಳನ್ನೂ ನೋಟ್ ಬುಕ್ಕಿನಲ್ಲಿ ಬರೆದು, ಯಾವ ಅಂಕಿಯನ್ನು ಹೇಗೆ ಅಳೆದದ್ದು ಅಂತ ಪಕ್ಕದಲ್ಲಿ ಚಿತ್ರವನ್ನೂ ಹಾಕಿಕೊಟ್ಟೆ.

ಮಾರ್ಚಿನಲ್ಲಿ ಫೋನ್ ಬಂತು. ಬಲಕ್ಕೆ ತಿರುಗುವಾಗ ಮೂತಿ ಮೇಲೇಳುತ್ತಿದೆ, ಬೂಟನ್ನೂ ಫಿನ್ನನ್ನೂ ಬದಲಾಯಿಸಲಾ ಎಂದು ಕೇಳಿದಳು. "ಎರಡೂ ಒಟ್ಟಿಗೆ ಬೇಡಮ್ಮ, ಯಾವುದರಿಂದ ಏನಾಯ್ತು ಅಂತ ಗೊತ್ತಾಗೋದಿಲ್ಲ. ಬೂಟು ಒಂದು ತೂತು ಮುಂದಕ್ಕೆ ಹಾಕು, ಫಿನ್ನು ಮುಟ್ಟಬೇಡ" ಎಂದೆ. ಮೂತಿ ಕೂತಿತು. ಈಗ ತಿರುವು ಮುಗಿಯುವಷ್ಟರಲ್ಲಿ ವೇಗ ಸತ್ತುಹೋಗುತ್ತದೆ ಅನ್ನುತ್ತಾಳೆ. ರೆಕ್ಕೆಯನ್ನು 8 ಡಿಗ್ರಿಗೆ ಇಳಿಸಲು ಹೇಳಿದ್ದೇನೆ, ಶನಿವಾರ ನೀರಿಗಿಳಿದು ನೋಡುತ್ತಾಳಂತೆ.