ಡಬಲ್ಸ್ ಆಟಕ್ಕೊಂದು ಬ್ಯಾಟ್: ಹುಡುಕಾಟ ಎಲ್ಲಿಗೆ ಬಂತು

ಫೆಬ್ರವರಿ

ನನ್ನ ಹಳೆ ಬ್ಯಾಡ್ಮಿಂಟನ್ ಬ್ಯಾಟಿನ ಫ್ರೇಮ್ ಬಿರುಕು ಬಿಟ್ಟಿದೆ. ನಡುವೆ ಬಂದ ಶಟಲ್‌ಗೆ, ಅಂದರೆ ಕಾಕ್‌ಗೆ ನಾನೂ ಪಾರ್ಟ್ನರೂ ಒಟ್ಟಿಗೇ ಬೀಸಿದೆವು. ಡಬಲ್ಸ್‌ನಲ್ಲಿ ಇದು ಆಗುವುದೇ. ಹೊಸದು ಕೊಳ್ಳಲೇಬೇಕು. ಈ ಸಲ ನನ್ನ ಆಟ ನೋಡಿಕೊಂಡು ಕೊಳ್ಳುತ್ತೇನೆ.

ಅಂಗಡಿಗೆ ಹೋಗುವ ಮೊದಲು ಕೋರ್ಟಿನ ಹಿಂದಿನ ಗೋಡೆಗೆ ಫೋನ್ ಒರಗಿಸಿಟ್ಟು ಬೆಳಗಿನ ಆಟವನ್ನು ವಿಡಿಯೊ ಮಾಡಿಕೊಂಡೆ. ಮನೆಯಲ್ಲಿ ಕೂತು ನೋಡಿದೆ. ನಾನು ಹೊಡೆಯುವ ಸ್ಮ್ಯಾಶ್ ಕಡಿಮೆ. ಎದೆಮಟ್ಟದ ಡ್ರೈವ್, ನೆಟ್ ಹತ್ತಿರದ ಆಟ, ಎದುರಿನವರ ಸ್ಮ್ಯಾಶ್ ಎತ್ತಿ ಹಿಂದಕ್ಕೆ ಕಳಿಸುವುದು, ಇವೇ ಜಾಸ್ತಿ. ಪಾರ್ಟ್ನರ್‌ಗೆ ತೋರಿಸಿದರೆ, "ನೀ ಮುಂದ ನಿಂತಾಗನ ನಾವು ಗೆಲ್ಲೂದು ದೋಸ್ತಾ, ಹಿಂದಿಂದು ನನಗ ಬಿಡು" ಅಂದ. ಸರಿ, ಬೇಕಾಗಿರುವುದು ಕೈಯಲ್ಲಿ ಬೇಗ ತಿರುಗುವ ಬ್ಯಾಟ್. ಅದು ಖಚಿತವಾಯಿತು.

ಹಳೆಯದು 3ಯು, ತಲೆಭಾರದ್ದು, ಗಟ್ಟಿ ಶಾಫ್ಟ್ (ಹಿಡಿಕೆಗೂ ತಲೆಗೂ ನಡುವಿನ ಕಡ್ಡಿ). ಬ್ಯಾಟ್ ಕಂಪನಿ ಯೋನೆಕ್ಸ್ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84 ಗ್ರಾಂ. ಇದು ಗಟ್ಟಿಂಗ್ ಮಾಡುವ, ಅಂದರೆ ತಂತಿ ಹಾಕುವ ಮೊದಲಿನ ತೂಕ. ಆದರೆ ಕೈಗೆ ತಿಳಿಯುವುದು ಬರೀ ತೂಕ ಅಲ್ಲ, ಆ ತೂಕ ಎಲ್ಲಿ ಕೂತಿದೆ ಅನ್ನುವುದು. ಬ್ಯಾಟನ್ನು ಬೆರಳ ಮೇಲೆ ಅಡ್ಡ ಇಟ್ಟು, ಅದು ಸಮವಾಗಿ ನಿಲ್ಲುವ ಜಾಗವನ್ನು ಹಿಡಿಕೆಯ ತುದಿಯಿಂದ ಅಳೆಯಬೇಕು. ಸುಮಾರು 285ರಿಂದ 295 ಮಿಲಿಮೀಟರ್ ಒಳಗೆ ಬಂದರೆ ಸಮತೂಕ. ಅದಕ್ಕಿಂತ ಜಾಸ್ತಿ ಇದ್ದರೆ ತಲೆಭಾರ, ಕಡಿಮೆ ಇದ್ದರೆ ತಲೆ ಹಗುರ.

ಮಾರ್ಚ್

ನಮ್ಮ ಹಾಲ್‌ನಲ್ಲಿ ಒಂದು ಒಳ್ಳೆ ರೂಢಿ ಇದೆ. ಕೇಳಿದರೆ ಯಾರೂ ಬ್ಯಾಟ್ ಇಲ್ಲ ಅನ್ನುವುದಿಲ್ಲ. ಹಾಗಾಗಿ ಯೋನೆಕ್ಸ್ ಕಂಪನಿಯ ಮೂರು ಸಾಲಿನ ಬ್ಯಾಟುಗಳಾದ ಆಸ್ಟ್ರಾಕ್ಸ್, ಆರ್ಕ್‌ಸೇಬರ್, ನ್ಯಾನೊಫ್ಲೇರ್ ಮೂರನ್ನೂ ಪೂರ್ತಿ ಗೇಮ್ ಆಡಿ ನೋಡಿದೆ. ಅಂಗಡಿಯಲ್ಲಿ ಸುಮ್ನೆ ಗಾಳಿಗೆ ಬೀಸಿದರೆ ಏನೂ ಗೊತ್ತಾಗುವುದಿಲ್ಲ. ಮೂರನೇ ಗೇಮ್‌ನಲ್ಲಿ, ಭುಜ ದಣಿದಾಗ, ಮೈಮೇಲೆ ಬರುವ ಸ್ಮ್ಯಾಶ್‌ಗೆ ಬ್ಯಾಟ್ ಅಡ್ಡ ಬರುತ್ತದೋ ಇಲ್ಲವೋ ಅನ್ನುವುದೇ ನಿಜವಾದ ಪರೀಕ್ಷೆ.

ಆಸ್ಟ್ರಾಕ್ಸ್ ತಲೆಭಾರದ್ದು. ಹಿಂದಿನಿಂದ ಹೊಡೆದ ಒಂದೊಂದು ಸ್ಮ್ಯಾಶ್ ಬಲು ಚೆಂದ ಬಂತು. ಆದರೆ ಡ್ರೈವ್ ಹೊಡೆದು ಮತ್ತೆ ಬ್ಯಾಟ್ ಎತ್ತುವಷ್ಟರಲ್ಲಿ ಕಾಕ್ ದಾಟಿ ಹೋಗಿರುತ್ತಿತ್ತು. ಆರ್ಕ್‌ಸೇಬರ್ ಸಮತೂಕದ್ದು, ಕಾಕ್ ಇಟ್ಟ ಕಡೆ ಬೀಳುತ್ತದೆ, ಯಾವ ದೂರೂ ಇಲ್ಲ. ತಲೆ ಹಗುರ ಇರುವ ನ್ಯಾನೊಫ್ಲೇರ್ ಹಿಡಿದಾಗ ಡಿಫೆನ್ಸ್ ಬೇರೆಯೇ ಆಯಿತು. ಮಣಿಕಟ್ಟು ತಿರುಗಿಸಿದರೆ ಸಾಕು.

ತಲೆ ಹಗುರ ಅಂದರೆ ಸ್ಮ್ಯಾಶ್ ಬರಲ್ಲ ಅನ್ನುವ ಮಾತು ಎಲ್ಲ ಕಡೆ ಇದೆ. ಆದರೆ ನಮ್ಮ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ 2023ರಲ್ಲಿ ಜಪಾನಿನಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದ್ದು ನ್ಯಾನೊಫ್ಲೇರ್ 1000 ಜೆಡ್‌ನಿಂದಲೇ. ಹಾಗಂತ ಅದನ್ನೇ ಕೊಂಡರೆ ನಮಗೆ ದಕ್ಕುವುದಿಲ್ಲ. ಅದರ ಶಾಫ್ಟ್ ತುಂಬಾ ಗಟ್ಟಿ. ಗಟ್ಟಿ ಶಾಫ್ಟ್ ಬಾಗಬೇಕಾದರೆ ಕೈ ಅಷ್ಟು ಜೋರಾಗಿ ಬೀಸಬೇಕು. ಮಧ್ಯಮ ಬೀಸಿನ ಕೈಗೆ ಮಧ್ಯಮ ಶಾಫ್ಟೇ ಹೆಚ್ಚು ಕೊಡುತ್ತದೆ.

ಕೊನೆಗೆ ನ್ಯಾನೊಫ್ಲೇರ್ ಸಾಲಿನದ್ದೇ ಒಂದು ತಗೊಂಡೆ. 4ಯು, ಮಧ್ಯಮ ಶಾಫ್ಟ್, ಹಿಡಿಕೆಯ ದಪ್ಪ ಜಿ5. ಇಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಹಿಡಿಕೆ ಸಣ್ಣ ಅನ್ನುವುದು ನೆನಪಿರಲಿ.

ಏಪ್ರಿಲ್

ಈ ತಿಂಗಳಲ್ಲಿ ಕಲಿತದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬೆವರಿಗೆ ಕೈ ಜಾರುತ್ತಿತ್ತು, ಅದಕ್ಕೆ ಹಿಡಿಕೆಯ ಗ್ರಿಪ್ ಮೇಲೆ ಇನ್ನೊಂದು ತೆಳು ಪಟ್ಟಿ, ಅಂದರೆ ಓವರ್‌ಗ್ರಿಪ್ ಸುತ್ತಿದೆ. ಸುತ್ತುವ ಮೊದಲೂ ಆಮೇಲೂ ಬೆರಳ ಮೇಲಿಟ್ಟು ಅಳೆದೆ. ಸಮ ನಿಲ್ಲುವ ಜಾಗ ಹಿಡಿಕೆ ಕಡೆಗೆ ಹತ್ತಿರ ಹತ್ತಿರ 10 ಮಿಲಿಮೀಟರ್ ಸರಿದಿತ್ತು! ಓವರ್‌ಗ್ರಿಪ್ ತೂಗುವುದು ಬರೀ 5 ಗ್ರಾಂ ಆಸುಪಾಸು. ಆದರೆ ಅದು ಕೂರುವುದು ಹಿಡಿಕೆಯಲ್ಲಿ, ಅಂದರೆ ಬ್ಯಾಟಿನ ಒಂದು ತುದಿಯಲ್ಲಿ, ಅದಕ್ಕೇ ಇಷ್ಟು ವ್ಯತ್ಯಾಸ. ಸಮತೂಕದ ಬ್ಯಾಟ್ ಇದ್ದವರು ಎರಡು ಸುತ್ತು ಗ್ರಿಪ್ ಹಾಕಿದರೆ ಅದು ತಲೆ ಹಗುರದ ಬ್ಯಾಟೇ ಆಗಿಬಿಡುತ್ತದೆ. ನನ್ನದು ಮೊದಲೇ ಹಗುರ. ಅದಕ್ಕೆ ಕೆಳಗಿನ ಕಂಪನಿ ಗ್ರಿಪ್ ಬಿಚ್ಚಿ, ಮರದ ಹಿಡಿಕೆ ಮೇಲೆ ನೇರ ಓವರ್‌ಗ್ರಿಪ್ ಮಾತ್ರ ಸುತ್ತಿದ್ದೇನೆ. ಈಗ ತಲೆಗೆ ಸ್ವಲ್ಪ ಜೀವ ಬಂದಿದೆ.

ಉಳಿದದ್ದು ಗಟ್ಟಿಂಗ್. ವಿಜಯಪುರದ ಬಿಸಿಲು ನಿಮಗೆ ಗೊತ್ತೇ ಇದೆ, 40 ಡಿಗ್ರಿ ಮುಟ್ಟುತ್ತದೆ. ಗಾಳಿ ಕಾದಷ್ಟೂ ತೆಳುವಾಗುತ್ತದೆ, ಕಾಕ್‌ಗೆ ತಡೆ ಕಡಿಮೆ. ಚಳಿಗಾಲದಲ್ಲಿ ಗೆರೆ ಒಳಗೆ ಬೀಳುತ್ತಿದ್ದ ಟಾಸ್ (ಎತ್ತರಕ್ಕೆ ಎತ್ತಿ ಎದುರಿನವರ ಹಿಂದಕ್ಕೆ ಕಳಿಸುವ ಹೊಡೆತ) ಈಗ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಕಾಕ್ ಆಡುವವರು ನಿಧಾನ ಹೋಗುವ ಹಸಿರು ಪಟ್ಟಿಯದ್ದೇ ತಗೊಳ್ಳಿ. ಅಂದರೆ ಬೇಸಿಗೆಯಲ್ಲಿ ನಮಗೆ ಬ್ಯಾಟಿನಿಂದ ಜೋರು ಬೇಕಿಲ್ಲ, ಹಿಡಿತ ಬೇಕು. ತಂತಿ ಸಡಿಲ ಇದ್ದರೆ ಕಾಕ್ ಚಿಮ್ಮುತ್ತದೆ, ಬಿಗಿ ಇದ್ದರೆ ಇಟ್ಟಲ್ಲಿ ಹೋಗುತ್ತದೆ. ಆದರೆ ಬಿಗಿಯಾದಷ್ಟೂ ಕಾಕ್ ಚೆನ್ನಾಗಿ ತಗಲುವ ನಡುವಿನ ಜಾಗ ಚಿಕ್ಕದಾಗುತ್ತದೆ.

ತಂತಿಯ ಬಿಗಿ 22 ಪೌಂಡ್ ಇಟ್ಟು ಆಡುತ್ತಿದ್ದೆ. ಈಗ ಬಿಜಿ65 ತಂತಿಯನ್ನು 24ಕ್ಕೆ ಹಾಕಿಸಿದ್ದೇನೆ. 0.70 ಮಿಲಿಮೀಟರ್ ದಪ್ಪದ ತಂತಿ, ಬಾಳಿಕೆ ಚೆನ್ನಾಗಿದೆ. ಬ್ಯಾಟನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡುವುದಿಲ್ಲ, ಬಿಸಿಗೆ ನೈಲಾನ್ ತಂತಿಯ ಬಿಗಿ ಇಳಿಯುತ್ತದೆ.

ನೆಟ್ ಹತ್ತಿರ ಡ್ರಿಬಲ್ (ಕಾಕನ್ನು ಮೆಲ್ಲಗೆ ಆಚೆ ಬೀಳಿಸುವ ಹೊಡೆತ) ಈಗ ಬೇಕಾದಲ್ಲಿ ಬೀಳುತ್ತಿದೆ, ಟಾಸ್ ಮಾತ್ರ ಇನ್ನೂ ಒಂದು ಅಡಿ ಉದ್ದ ಹೋಗುತ್ತಿದೆ. ಜೂನ್‌ನಲ್ಲಿ ಮಳೆ ಬಿದ್ದು ತಂಪಾದ ಮೇಲೆ ಇದೇ ತಂತಿಯಲ್ಲಿ ಮತ್ತೆ ವಿಡಿಯೊ ಮಾಡಿ ನೋಡುತ್ತೇನೆ. ಆಗ ಟಾಸ್ ಗಿಡ್ಡವಾದರೆ 23ಕ್ಕೆ ಇಳಿಸುವುದು.