ಸಿಟ್ಟು ಇಳಿಸುವುದನ್ನು ಕಲಿಸೋಕೆ ಆಗುತ್ತಾ?

ಮೀಡಿಯೇಟರ್‌ಗಳಿಗೆ, ಅಂದರೆ ಜಗಳವಾಡುವವರ ನಡುವೆ ಕೂತು ರಾಜಿಗೆ ನೆರವಾಗುವವರಿಗೆ, ತರಬೇತಿ ಕೊಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: "ಕೂಗಾಡುವವರನ್ನು ಸಮಾಧಾನ ಮಾಡುವುದು ಹುಟ್ಟುಗುಣ ಅಲ್ವಾ? ಅದನ್ನೂ ಕಲಿಸೋಕೆ ಆಗುತ್ತಾ?"

ಆಗುತ್ತೆ. ಆದರೆ ಪಾಠ ಹೇಳಿ ಅಲ್ಲ, ಮಾಡಿಸಿ. ಅನೇಕ ಕಡೆ ಮೂಲ ತರಬೇತಿ 40 ಗಂಟೆಯದು. ಅದರ ಜೀವ ಇರುವುದು ರೋಲ್ ಪ್ಲೇನಲ್ಲಿ, ಅಂದರೆ ಪಾತ್ರ ಹಾಕಿ ಮಾಡುವ ಅಭ್ಯಾಸದಲ್ಲಿ. ಇಬ್ಬರು ಜಗಳಗಾರರು, ಒಬ್ಬರು ಮೀಡಿಯೇಟರ್, ಪಕ್ಕದಲ್ಲಿ ಒಬ್ಬ ಕೋಚ್. ಜಗಳಗಾರರ ಕೈಗೆ ಅವರವರ ಪಾತ್ರದ ಗುಟ್ಟು ಬರೆದ ಒಂದೊಂದು ಚೀಟಿ. ಅದರಲ್ಲಿರುವುದು ಉಳಿದವರಿಗೆ ಗೊತ್ತಿರುವುದಿಲ್ಲ.

ಅಮ್ಮನ ಮನೆಗಾಗಿ ಅಕ್ಕ-ತಮ್ಮನ ಜಗಳ ಅಂದುಕೊಳ್ಳಿ. "ಅಮ್ಮನನ್ನು ನೋಡಿಕೊಂಡಿದ್ದು ನಾನು. ಆಗ ಇವನು ಎಲ್ಲಿದ್ದ?" ಎಂದು ಅಕ್ಕ ಮೇಜು ಕುಟ್ಟುತ್ತಾಳೆ. ಹೊಸಬರ ಬಾಯಿಂದ ತಕ್ಷಣ ಬರುವ ಮಾತು: "ದಯವಿಟ್ಟು ಸಮಾಧಾನ ಮಾಡಿಕೊಳ್ಳಿ." ಅವಳ ದನಿ ಇನ್ನೂ ಜಾಸ್ತಿಯಾಗುತ್ತದೆ. ಅಲ್ಲಿಗೇ ನಿಲ್ಲಿಸುತ್ತೇನೆ. ಅದೇ ಜಾಗದಿಂದ ಮತ್ತೆ ಶುರು.

ಈ ಸಲ ಎರಡು ಉಸಿರಿನಷ್ಟು ಸುಮ್ಮನಿದ್ದು ಹೇಳುತ್ತಾರೆ: "ಅಷ್ಟು ವರ್ಷ ನೀವೊಬ್ಬರೇ ನೋಡಿಕೊಂಡಿರಿ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ ಅಂತ ನಿಮಗೆ ನೋವಾಗಿದೆ." ಕುಟ್ಟುತ್ತಿದ್ದ ಕೈ ಮೇಜಿನ ಮೇಲೆ ಹಾಗೇ ನಿಲ್ಲುತ್ತದೆ. ಆದರೆ ಈಗ ತಮ್ಮ ಸಿಡಿಯುತ್ತಾನೆ: "ಅಂದ್ರೆ ನೀವು ಅವಳ ಕಡೆ!" ಕಷ್ಟ ಇರುವುದು ಇಲ್ಲೇ. "ನಿಮಗೆ ನೋವಾಗಿದೆ" ಅನ್ನುವುದು ಬೇರೆ, "ನೀವು ಹೇಳಿದ್ದೇ ಸರಿ" ಅನ್ನುವುದು ಬೇರೆ. ತಮ್ಮನ ಕಡೆಗೂ ತಿರುಗಿ, ಅಷ್ಟೇ ಮನಸ್ಸಿಟ್ಟು ಕೇಳಬೇಕು. ಇದು ನಾಲಿಗೆಗೆ ಹತ್ತಲು ಒಂದೆರಡು ಸಲ ಸಾಲದು, ಹತ್ತಾರು ಸಲ ಬೇಕು.

ವಕೀಲರೂ ಮೀಡಿಯೇಟರೂ ಆಗಿರುವ ಬಿಲ್ ಎಡ್ಡಿ ಇಂಥ ಜಗಳಗಳಿಗೆ ಒಂದು ದಾರಿ ಹೇಳುತ್ತಾರೆ. ಮೊದಲು ಅನುಕಂಪ, ಗಮನ, ಗೌರವ ಕಾಣಿಸುವ ಮಾತು. ಆಮೇಲೆ ಹಿಂದಿನದನ್ನು ಕೆದಕದೆ, ಮುಂದೆ ಏನು ಮಾಡೋಣ ಅಂತ ಅವರಿಂದಲೇ ಕೇಳುವುದು. ನಾನು ಇದನ್ನು ತುಂಬಾ ನಂಬುತ್ತೇನೆ. ಆದರೆ 'ಮುಂದೆ ಏನು' ಅನ್ನುವ ಆ ಪ್ರಶ್ನೆಯನ್ನು ಬೇಗ ಕೇಳಿದರೆ ಎಲ್ಲ ಕೆಡುತ್ತದೆ.

ಇನ್ನೊಂದು ಕೆಲಸ ತಪ್ಪದೆ ಮಾಡಿಸುತ್ತೇನೆ. ಎಲ್ಲರಿಗಿಂತ ಶಾಂತವಾಗಿರುವವರನ್ನೇ ಸಿಟ್ಟಿನ ಕುರ್ಚಿಯಲ್ಲಿ ಕೂರಿಸುವುದು. ಒಮ್ಮೆ ಹಾಗೆ ಅಕ್ಕನ ಪಾತ್ರ ಮಾಡಿದ ಒಬ್ಬರು ಎದ್ದು ಬಂದು ಹೇಳಿದರು: "ನಾನು ಸುಮ್ನೆ ನಟಿಸ್ತಿದ್ದೆ. ಆದರೂ ಅವರು 'ಸಮಾಧಾನ' ಅಂದಾಗ ನಿಜವಾಗಲೂ ಸಿಟ್ಟು ಬಂತು." ಮುಂದಿನ ಸುತ್ತಿನಲ್ಲಿ ಅವರೇ ಮೀಡಿಯೇಟರ್. ಎದುರಿನವರು ಕೂಗತೊಡಗಿದಾಗ ಅವರು ಏನೂ ಹೇಳಲಿಲ್ಲ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಅವರ ಮುಖ ನೋಡುತ್ತಾ ಕೇಳತೊಡಗಿದರು.