ಪೈಲಟ್ ಆಗುವ ಮುಂಚೆ

ಕಲಬುರಗಿ ಹತ್ತಿರದ ಶ್ರೀನಿವಾಸ ಸರಡಗಿ ಊರಿನ ಕಡೆ ತೊಗರಿ ಹೊಲದ ಮೇಲೆ ತರಬೇತಿ ವಿಮಾನ ಸುತ್ತು ಹಾಕುತ್ತಿತ್ತು. ಅಣ್ಣನ ಮಗ, "ಕಾಕಾ, ನಾನೂ ಪೈಲಟ್ ಆಗ್ತೀನಿ" ಅಂದ. ತುಂಬಾ ಖುಷಿಯಾಯ್ತು.

ಆದರೆ ಬರೀ ಸಂಬಳ ನೋಡಿ ಹೊರಡಬಾರದು ಅಲ್ವಾ? ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದಕ್ಕೇ ಲಕ್ಷಗಟ್ಟಲೆ ಖರ್ಚು. ಏರ್‌ಬಸ್, ಬೋಯಿಂಗ್ ಹಾರಿಸಲು ಮತ್ತೆ ಬೇರೆ ತರಬೇತಿ. ಲೈಸೆನ್ಸ್ ಇದ್ದೂ ಕೆಲಸಕ್ಕೆ ಕಾಯುವವರಿದ್ದಾರೆ. ಸಿಕ್ಕಮೇಲೂ ನಡುರಾತ್ರಿ ಡ್ಯೂಟಿ, ಕೆಟ್ಟ ನಿದ್ದೆ. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿದ್ದು 2025ರಲ್ಲಿ, ಅದೂ ಪೈಲಟ್‌ಗಳು ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಶರಣಬಸವೇಶ್ವರರ ಜಾತ್ರೆಗೆ ಊರಿಗೆ ಬರುವ ಖಾತ್ರಿಯಂತೂ ಇಲ್ಲ.

ಆದರೂ ಹುಡುಗನಿಗೆ ಬೇಡ ಅನ್ನಲು ಮನಸ್ಸಿಲ್ಲ. ಮೊದಲು ಮೆಡಿಕಲ್ ಪರೀಕ್ಷೆ ಮಾಡಿಸು, ಫೀಸಿನ ಮಾತು ಆಮೇಲೆ ಅಂತ ಅಣ್ಣನಿಗೆ ಹೇಳಿದ್ದೀನಿ.